ಸಂಧಿವಾತಕ್ಕೆ ರೊಟ್ಟಿಯ ಸಾಕ್ಷಿ

ಯಾರ ಮನೆಗೂ ಬರಿಗೈಯಲ್ಲಿ ಹೋಗಬಾರದು ಎಂದು ನಮ್ಮ ಧಾರವಾಡದ ಕಡೆ ಚಿಕ್ಕಂದಿನಿಂದಲೇ ಕಲಿಸುತ್ತಾರೆ. ಆಸ್ಪತ್ರೆ ಯಾರ ಮನೆಯೂ ಅಲ್ಲ ಎಂಬುದನ್ನು ಮಾತ್ರ ನನಗೆ ಯಾರೂ ಕಲಿಸಲಿಲ್ಲ. ಅದರಿಂದ ನಾನು ಪಟ್ಟ ನಾಚಿಕೆ ನನ್ನ ವೈರಿಗೂ ಬೇಡ. ಈಗಲೂ ಮುಂಬಯಿಯ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕುಳಿತಿರುವಾಗ ಅದು ನೆನಪಾದರೆ, ಯಾರೂ ನನ್ನನ್ನು ನೋಡುತ್ತಿಲ್ಲವೆಂದು ಗೊತ್ತಿದ್ದರೂ, ಸೆರಗಿನಿಂದ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ನನಗೆ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದರೆ ಬೆರಳುಗಳು ನನ್ನ ಮಾತು ಕೇಳುವುದಿಲ್ಲ, ಮುಷ್ಟಿ ಕಟ್ಟಲು ಬರುವುದಿಲ್ಲ. ಘಾಟ್ಕೋಪರಿನಲ್ಲಿರುವ ನನ್ನ ಡಾಕ್ಟರು ಮೂಲತಃ ವಿಜಯಪುರದ ಮನೆತನದ ಹುಡುಗಿ. ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲಾದ್ದರಿಂದ ಆಕೆಯ ಕನ್ನಡ ನಾಲ್ಕು ಹೆಜ್ಜೆ ನಡೆದು ಹಿಂದಿಯ ಕೈ ಹಿಡಿಯುತ್ತದೆ. ಮೊದಲ ಭೇಟಿಯಲ್ಲೇ, "ಆಂಟಿ, ಮನೇಲಿ ರೊಟ್ಟಿ ಬಡೀತೀರಾ? ಹಾಥ್ ಚಲ್ತಾ ಹೈ ನಾ?" ಎಂದು ಕೇಳಿದಳು. ನನ್ನ ಬೆರಳುಗಳು ಎಷ್ಟು ಕೆಲಸ ಮಾಡುತ್ತವೆಂದು ತಿಳಿಯಲು ಆಕೆ ಕೇಳಿದ್ದು. ನನಗೆ ಅದು ತವರಿನ ಮರ್ಯಾದೆಯ ಪ್ರಶ್ನೆಯಾಗಿ ಕೇಳಿಸಿತು. "ರೊಟ್ಟಿ ಬಡೀದ ಇರ್ತೀನೇನ್ರಿ? ಮುಂದಿನ ಸಲ ನಿಮಗೂ ತರ್ತೀನಿ ತಗೋರಿ" ಎಂದುಬಿಟ್ಟೆ.

ಹೇಳಿದಂತೆ ತಂದೆ. ಆದರೆ ಬಡಿದವಳು ನಾನಲ್ಲ. ರೊಟ್ಟಿ ಬಡಿಯುವುದು ನನ್ನ ಕೈ ಬಿಟ್ಟು ಎಷ್ಟೋ ಕಾಲವಾಗಿತ್ತು. ವಡಾಲದಲ್ಲಿ ನಮ್ಮ ಕಡೆಯ ಹೆಂಗಸೊಬ್ಬಳು ಮನೆಯಲ್ಲೇ ಜೋಳದ ಖಡಕ್ ರೊಟ್ಟಿ ಮಾಡಿ, ಒಂದೊಂದು ಕಟ್ಟಿಗೂ ಕೆಂಪು ದಾರ ಸುತ್ತಿ ಮಾರುತ್ತಾಳೆ. ಆ ದಾರ ಬಿಚ್ಚಿ ಪರ್ಸಿಗೆ ಹಾಕಿಕೊಂಡು ರೊಟ್ಟಿಗಳನ್ನು ನನ್ನ ಸ್ಟೀಲ್ ಡಬ್ಬಿಗೆ ದಾಟಿಸಿದರೆ ಆಯಿತು, ರೊಟ್ಟಿ ನನ್ನದೇ. ನನ್ನ ಯಜಮಾನರು ಇದನ್ನು ನೋಡಿ, "ಇದ್ದದ್ದು ಇದ್ದಂಗ ಹೇಳಾಕ ಏನಾಗೇತಿ ನಿನಗ? ಆಕಿ ಡಾಕ್ಟರು, ಬೀಗರಾಕಿ ಅಲ್ಲ" ಎಂದರು. ನಲವತ್ತು ವರ್ಷ ಕೂತಲ್ಲೇ ರೊಟ್ಟಿ ತಿಂದವರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು ಎಂದು ನಾನು ಮಾತು ಮುಗಿಸಿದೆ.

ಹೀಗೆ ಪ್ರತಿ ಭೇಟಿಗೂ ಡಬ್ಬಿ ಹೋಯಿತು. ಆಕೆ ನನ್ನ ಗೆಣ್ಣುಗಳನ್ನು ಒತ್ತಿ ನೋವು ಎಷ್ಟಿದೆ ಎಂದು ಕೇಳುವಾಗ ನಾನು ಹಲ್ಲು ಕಚ್ಚಿ, "ಆರಾಮ ಅದೀನ್ರಿ" ಎನ್ನುತ್ತಿದ್ದೆ. ರೊಟ್ಟಿ ಬಡಿಯುವವಳು ನೋವು ಅಂದರೆ ಹೇಗೆ? ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಆನಿಕೆಯಾಗಬೇಕಲ್ಲ. ಕೊನೆಗೆ ಆಕೆ, "ಇಷ್ಟು ತೆಳು, ಪತಲಾ ರೊಟ್ಟಿ ಮಾಡೋ ಕೈ ಆಂಟಿ, ದವಾ ಕಮ್ಮಿ ಮಾಡಬಹುದು. ಅದಕ್ಕೆ ಮುಂಚೆ ಒಂದು ಎಕ್ಸ್‌ರೇ, ಒಂದು ಸೋನೋಗ್ರಫಿ ಮಾಡಿಸಿ, ಹಳೇದರ ಜೊತೆ ನೋಡೋಣ" ಎಂದಳು.

ಹೊಟ್ಟೆಯಲ್ಲಿ ಮಗು ನೋಡುವ ಮಷಿನ್ನು ಬೆರಳನ್ನೂ ನೋಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ತಣ್ಣನೆಯ ಅಂಟು ಹಚ್ಚಿ ಗೆಣ್ಣಿನ ಮೇಲೆ ಆಡಿಸಿದಂತೆಲ್ಲ ಪರದೆಯ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪು ಕಾಣುತ್ತಿತ್ತು. ಚೆಂದ ಕಾಣುತ್ತದೆ ಎಂದುಕೊಂಡೆ. ಅದು ಒಳಗಿನ ಉರಿಯೂತದ ಗುರುತು ಎಂದು ತಿಳಿದದ್ದು ಮರುದಿನ, ಡಾಕ್ಟರ ಎದುರು ಕುಳಿತಾಗ. ಕಂಪ್ಯೂಟರಿನಲ್ಲಿ ಹಳೆಯ ಎಕ್ಸ್‌ರೇ, ಹೊಸ ಎಕ್ಸ್‌ರೇ ಅಕ್ಕಪಕ್ಕ ಇದ್ದವು. ಹೊಸದರಲ್ಲಿ ಗೆಣ್ಣಿನ ಎಲುಬಿನ ಅಂಚು ಇಲಿ ಕಡಿದ ರೊಟ್ಟಿಯ ಹಾಗೆ ಕಾಣುತ್ತಿತ್ತು.

ಡಾಕ್ಟರು ಬಹಳ ಹೊತ್ತು ನೋಡಿ ತಲೆ ಅಲ್ಲಾಡಿಸಿದಳು. "ಇದು ನಿಮ್ಮ ಕೈ ಅಲ್ಲ ಆಂಟಿ. ಈ ಕೈಯಲ್ಲಿ ಆ ರೊಟ್ಟಿ ಆಗೋದೇ ಇಲ್ಲ. ಬೇರೆ ಯಾರದ್ದೋ, ಕಿಸೀ ಔರ್ ಕಾ ಹೈ. ಎಕ್ಸ್‌ರೇ ಸೆಂಟರಿನವರು ಅದಲಾಬದಲಿ ಮಾಡಿದಾರೆ" ಎನ್ನುತ್ತ ಫೋನು ಎತ್ತಿದಳು. ನನ್ನ ಡಬ್ಬಿಯನ್ನು ನಂಬಿ ಆಕೆ ಮಷಿನ್ನನ್ನೇ ಅನುಮಾನಿಸಿದ್ದಳು. ಏನೂ ತಪ್ಪು ಮಾಡದ ಯಾರಿಗೋ ಈಗ ಬೈಗುಳ ಬೀಳಬೇಕಿತ್ತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಡಲಿಲ್ಲವಾದ್ದರಿಂದ ನಾನೇ ಬಿಟ್ಟೆ: "ಕೈ ನಂದs ಅದರಿ. ರೊಟ್ಟಿ ನಂದಲ್ಲ."

ಆಕೆ ಫೋನು ಕೆಳಗಿಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಎಲುಬು ಸವೆದಿದ್ದು ವಾಪಸ್ ಬರಲ್ಲ ಆಂಟಿ. ಇನ್ನು ಮುಂದೆ ಆಗದ ಹಾಗೆ ನೋಡ್ಕೋಬೇಕು. ನೀವು ಮೊದಲೇ ಹೇಳಿದ್ದರೆ..." ಎಂದು ಅಲ್ಲಿಗೇ ನಿಲ್ಲಿಸಿ ಬೇರೆ ಔಷಧಿ ಬರೆದಳು. ನೋವು ಎಷ್ಟು ಎಂದು ಮತ್ತೆ ಕೇಳಿದಳು. ಈ ಸಲ ನಿಜ ಹೇಳಿದೆ, ರೊಟ್ಟಿ ವಡಾಲದಿಂದ ಕೊಂಡದ್ದೆಂಬುದನ್ನೂ. ಹೇಳುವಾಗ ಅಳು ಬಂತು.

ಆಕೆಗೆ ಪಾಪ ಎನಿಸಿರಬೇಕು. ತನ್ನ ಊಟದ ಡಬ್ಬಿ ತೆರೆದು, "ಇವತ್ತು ನಮ್ಮ ಮಮ್ಮಿ ಮಾಡಿದ ರೊಟ್ಟಿ ತಿನ್ನಿ" ಎಂದಳು. ರೊಟ್ಟಿಗಳ ಸುತ್ತ ಕೆಂಪು ದಾರವಿತ್ತು. "ಇವತ್ತು ಯಾಕೆ ದಾರ ಕಟ್ಟಿದಾಳೋ" ಎಂದು ಬಿಚ್ಚಿ ಟೇಬಲ್ ಮೇಲಿಟ್ಟಳು.

ಅದೇ ವಡಾಲದ ಕೆಂಪು ದಾರ. ಅಭ್ಯಾಸಬಲದಿಂದ ದಾರವನ್ನು ತಟ್ಟನೆ ಎತ್ತಿಕೊಂಡೆ. ಮಗಳಿಂದ ಆ ತಾಯಿ ಏನು ಮುಚ್ಚಿಟ್ಟಿದ್ದಾಳೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಅವ್ವಾರು ಹ್ಯಾಂಗ ಅದಾರ್ರಿ?" ಎಂದು ಮೆಲ್ಲಗೆ ಕೇಳಿದೆ. "ಫಿಟ್ ಇದಾಳೆ. ಯಾವಾಗ ಕೇಳಿದ್ರೂ ಆರಾಮ ಅಂತಾಳೆ."

ಹೇಳಬೇಕು ಎಂದು ಬಾಯಿ ತೆರೆದೆ. ಇನ್ನೊಬ್ಬಳ ಮರ್ಯಾದೆ ನೆನಪಾಗಿ ಮತ್ತೆ ಮುಚ್ಚಿದೆ, ದಾರವನ್ನು ಮುಷ್ಟಿಯಲ್ಲಿ ಅಡಗಿಸಲು ನೋಡಿದೆ. ಮುಷ್ಟಿ ಎಲ್ಲಿ ಮುಚ್ಚಬೇಕು? ಊದಿದ ಬೆರಳುಗಳ ಸಂದಿಯಿಂದ ದಾರ ಜೋತು ಬಿತ್ತು. ಡಾಕ್ಟರು ನಾನು ಬಚ್ಚಿಡಲು ಹೋದ ದಾರವನ್ನು ನೋಡಿದಳು, ರೊಟ್ಟಿಯನ್ನು ನೋಡಿದಳು, ಮೆಲ್ಲಗೆ ಫೋನು ಎತ್ತಿ, "ಮಮ್ಮಿ, ನಾಳೆ ಕ್ಲಿನಿಕ್‌ಗೆ ಬಾ, ನಿನ್ನ ಕೈ ನೋಡಬೇಕು" ಎಂದಳು. ಆ ಸಲವೂ ನಿಜ ಹೇಳಿದ್ದು ನನ್ನ ಕೈಯೇ, ನಾನಲ್ಲ.