ಪಾಚಿಗೆ ನೂರೈವತ್ತು ಬಾರ್

ಮುಕುಂದರಾಯರ ಹೆಂಡತಿ ತವರಿಗೆ ಹೋಗಿ ಒಂಬತ್ತು ದಿನವಾಗಿತ್ತು. ಕಾರಣ ಪಾಚಿ! ಐವಾನ್-ಎ-ಶಾಹಿ ಬಡಾವಣೆಯ ಅವರ ಮನೆಯಂಗಳದ ಫರಸಿಕಲ್ಲಿನ ಮೇಲೆ ಆ ಮಳೆಗಾಲ ಹಸಿರು ಜಮಖಾನೆ ಹಾಸಿತ್ತು. ಅದರ ಮೇಲೆ ಜಾರಿ ಬಿದ್ದ ಇಂದೂಬಾಯಿ ಎದ್ದು ಸೊಂಟ ಹಿಡಿದುಕೊಂಡು, "ಅಂಗಳ ಸ್ವಚ್ಛ ಆಗೂತನಕಾ ಈ ಮನೀಗೆ ಕಾಲಿಡಂಗಿಲ್ಲ ನೋಡ್ರಿ" ಎಂದು ಕಮಲಾಪುರದ ಬಸ್ಸು ಹತ್ತಿದ್ದರು.

ಒಂಬತ್ತು ದಿನವೂ ನೆನೆಸಿದ ಅವಲಕ್ಕಿಯೇ ಗತಿ. ಹತ್ತನೆಯ ದಿನ ರಾಯರು ಕಚೇರಿಗೆ ರಜೆ ಹಾಕಿದರು. ಹೆಡ್ ಕ್ಲಾರ್ಕ್ ಆದವನು ಕಸಬರಿಗೆ ಹಿಡಿದು ಕುಕ್ಕರಗಾಲಲ್ಲಿ ಕೂರುವುದೇ? ಛೀ! ನೀರನ್ನು ಜೋರಾಗಿ ಚಿಮ್ಮಿಸಿ ತೊಳೆಯುವ ಯಂತ್ರವನ್ನೇ ತರುವುದೆಂದು ಹೊರಟರು.

"ಎತ್ತ ಹೊಂಟ್ರಿ ರಾಯರ?" ಎಂದರು ಪಕ್ಕದ ಮನೆಯ ಪಾರ್ವತೀಬಾಯಿ. ನಿಜ ಹೇಳಿದ್ದೇ ರಾಯರ ಮೊದಲ ತಪ್ಪು.

"ಸಣ್ಣ ಮಷಿನ್ ತಗೋಬ್ಯಾಡ್ರಿ. ನಮ್ಮ ಅಳಿಯ ತಂದಾನ, ಕಿಟಕಿ ಧೂಳೂ ಹೋಗಂಗಿಲ್ಲ!"

ಎದುರು ಮನೆಯ ಲಾಲ್ ಅಹ್ಮದ್‌ಗೆ ಕಪನೂರಿನಲ್ಲಿ ವರ್ಕ್‌ಶಾಪು. ಆತ ಕೈ ಒರೆಸಿಕೊಳ್ಳುತ್ತಲೇ ಓಡಿ ಬಂದ. "ರಾವ್ ಸಾಬ್, ಬಾರ್ ನೋಡ್ರಿ, ಬಾರ್! ಬಾರ್ ಅಂದ್ರ ನೀರಿನ ಜೋರು. ನೂರೈವತ್ತಕ್ಕ ಕಮ್ಮಿ ಇರಬಾರ್ದು. ನಡೀರಿ, ನಾನೇ ಬರ್ತೀನಿ."

ಅಂಗಡಿಯ ಮಕ್ಸೂದ್ ಒಂದು ಪುಟ್ಟ ಹಳದಿ ಯಂತ್ರ ತೋರಿಸಿ, "ಮನೀಗೆ ಇದೇ ಸಾಕ್ರಿ" ಎಂದ.

"ಇದರಾಗ ಗುಲಾಬಿ ಗಿಡಕ್ಕ ನೀರ ಹಾಕಬೇಕೇನು?" ಎಂದ ಲಾಲ್ ಅಹ್ಮದ್. ಬಲ್ಬು ಕೊಳ್ಳಲು ಬಂದಿದ್ದವನೊಬ್ಬ ಮೋಟಾರಿನ ಬಗ್ಗೆ ಬಾಯಿ ಹಾಕಿದ. ಇನ್ನೊಬ್ಬ ಪೈಪು ಎಳೆದು ಮೊಳ ಹಾಕತೊಡಗಿದ.

ರಾಯರ ಪಿತ್ತ ನೆತ್ತಿಗೇರಿತು. "ಅಂಗಳ ನಂದು! ಪಾಚಿ ನಂದು! ರೊಕ್ಕ ನಂದು! ಮಾತು ಮಾತ್ರ ಊರ ಮಂದೀದೇನು?" ಎಲ್ಲರ ಬಾಯಿ ಮುಚ್ಚಿಸುವುದಕ್ಕೇ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಯಂತ್ರ ಕೊಂಡರು.

ಮನೆಯಲ್ಲಿ ಓಣಿಯೆಲ್ಲ ಸೇರಿತು. ಹಿಂದಿನ ದಿನ ನಳದ ನೀರು ಬಂದು ಟಾಕಿ ತುಂಬಿತ್ತು. ರಾಯರು ಗುಂಡಿ ಒತ್ತಿದ್ದೇ ತಡ, ನಳಿಕೆ ಹೋರಿಯಂತೆ ಹಾರಿ ಮೊದಲ ಪೆಟ್ಟಿಗೇ ಪಾರ್ವತೀಬಾಯಿ ಬಿಸಿಲು ಕಂಡು ಒಣಹಾಕಿದ್ದ ಹಪ್ಪಳಗಳನ್ನು ಗೋಡೆಗೆ ಅಂಟಿಸಿತು.

"ಅಯ್ಯಯ್ಯ, ನನ್ನ ಹಪ್ಪಳ! ಕಣ್ಣು ನೆತ್ತಿ ಮ್ಯಾಲ ಇಟ್ಕೊಂಡೀರೇನ್ರಿ?"

ಆದರೆ ಎರಡನೆಯ ಪೆಟ್ಟಿಗೆ ಕಲ್ಲು ಬೆಳ್ಳಗಾಯಿತು. ಪಾರ್ವತೀಬಾಯಿ ಹಪ್ಪಳ ಮರೆತು, "ನಮ್ಮ ಮೆಟ್ಟಲಕ್ಕೂ ಒಂದಿಷ್ಟು ಹೊಡೀರಿ" ಎಂದರು. ಅರ್ಧಕ್ಕೇ ರಾಯರ ಟಾಕಿ ಬರಿದಾದಾಗ ಪಾರ್ವತೀಬಾಯಿಯೇ ತಮ್ಮ ಟಾಕಿಗೆ ಪೈಪು ಇಳಿಬಿಟ್ಟರು. ಅದೂ ಮುಗಿದಾಗ ಲಾಲ್ ಅಹ್ಮದ್ ತನ್ನದು ಕೊಟ್ಟು, ಸ್ಕೂಟರನ್ನೂ ತೊಳೆಸಿಕೊಂಡ. ಹೀಗೇ ಒಂದೊಂದೇ ಮನೆಯಾಗಿ, ಸಂಜೆಯೊಳಗೆ ಇಡೀ ಓಣಿ ಫಳಫಳ ಹೊಳೆಯಿತು.

ರಾಯರು ಕಮಲಾಪುರಕ್ಕೆ ಫೋನ್ ಹಚ್ಚಿದರು. "ಇಂದೂ, ಕನ್ನಡ್ಯಾಗಿನಂಗ ಕಲ್ಲಿನಾಗ ಮಾರಿ ಕಾಣಸ್ತದ, ಬಾ!"

ಇಂದೂಬಾಯಿ ಕೆಂಪು ಬಾಳೆಹಣ್ಣಿನ ಚೀಲ ಹಿಡಿದು ಬಂದೇ ಬಿಟ್ಟರು. ಅಂಗಳದಲ್ಲಿ ಹೆಜ್ಜೆ ಒತ್ತಿ ಒತ್ತಿ ನಡೆದು ನೋಡಿದರು. ಜಾರಲಿಲ್ಲ. ಹೊಸ್ತಿಲ ಮುಂದೆ ನಿಂತು ನಕ್ಕರು. "ಛಲೋ ಆಗ್ಯದ್ರಿ. ಕಾಲಿಗೆ ಒಂದು ತಂಬಿಗಿ ನೀರು ಕೊಡ್ರಿ, ತೊಳಕೊಂಡು ಒಳಗ ಬರ್ತೀನಿ."

ರಾಯರು ಟಾಕಿಯ ಮುಚ್ಚಳ ತೆಗೆದರು. ತಳ ಕಂಡಿತು. ಅಡುಗೆಮನೆಯ ಕೊಡವನ್ನೂ ಆ ಯಂತ್ರವೇ ಕುಡಿದಿತ್ತು. ಬೇಲಿಯಾಚೆ ನೋಡಿದರು.

"ನಂದೂ ಖಾಲಿ" ಎಂದರು ಪಾರ್ವತೀಬಾಯಿ. "ನಂದೂ" ಎಂದ ಲಾಲ್ ಅಹ್ಮದ್. "ನಳ ಬರೂದು ಇನ್ನ ಮೂರು ದಿನಕ್ಕ."

ಇಂದೂಬಾಯಿಯ ನಗೆ ಆರಿತು. "ಹದಿನೆಂಟು ವರ್ಷ ಈ ಅಂಗಳ ಎರಡೇ ಬಕೀಟು ನೀರಿನಾಗ ತಿಕ್ಕೇನಿ ನಾನು. ಒಂದು ಸಲ ನೀವೂ ತಿಕ್ಕಿ ನೋಡ್ರಿ ಅಂತ ಹೋಗಿದ್ದೆ. ಓಣಿ ನೀರೆಲ್ಲಾ ಮುಗಿಸಿ ಕುಂತ್ರೇನು?" ಅವರು ಅಲ್ಲಿಂದಲೇ ತಿರುಗಿದರು.

"ನಿಂದರ್ರಿ ಇಂದೂಬಾಯಿ, ನಿಮ್ಮ ಅಣ್ಣನ ತ್ವಾಟದಾಗ ಬೋರ್ ಅದ ಅಲ್ಲಾ?" ಪಾರ್ವತೀಬಾಯಿಯೂ ಬಟ್ಟೆಯ ಗಂಟು ಹಿಡಿದು ಹಿಂದೆ ಓಡಿದರು. ಹೊಳೆಯುವ ಸ್ಕೂಟರಿಗೆ ಎರಡು ಕೊಡ ಕಟ್ಟಿಕೊಂಡು ಲಾಲ್ ಅಹ್ಮದ್ ಕೂಡ ಹೊರಟ. ಬಾಳೆಹಣ್ಣು ಬಂದ ದಾರಿಯಲ್ಲೇ ವಾಪಸಾಯಿತು.

ರಾಯರು ಹೊಟ್ಟೆ ಹಸಿದು ಒಳಗೆ ಹೋಗಿ ಅವಲಕ್ಕಿಯ ಡಬ್ಬಿ ತೆರೆದರು. ನೆನೆಸಲು ಹನಿ ನೀರಿರಲಿಲ್ಲ. ಬೆಳ್ಳನೆಯ ಅಂಗಳದಲ್ಲಿ ಕುಳಿತು ಒಣ ಅವಲಕ್ಕಿಯನ್ನೇ ಮುಕ್ಕತೊಡಗಿದರು.