ಟವೆಲ್ ಅಕ್ಕಾರ ಓಟು

ನಮ್ಮ ಕಾರ್ಖಾನಿಯಾಗ ಒಂದು ದಿನ ಎಲ್ಲಾ ಕೆಲಸ ನೆಟ್ಟಗ ಆತಂದ್ರ, ಎಲ್ಲೋ ಏನೋ ತಪ್ಪೇತಿ ಅಂತ ಸಾವುಕಾರ್ರು ಮತ್ತೊಂದು ಸುತ್ತು ಹಾಕಿ ನೋಡಿ ಬರ್ತಾರ. ಅಂಥಾ ದಿನ ಭಾಳ ಇಲ್ಲ.

ನಾ ಇರೂದು ಅಕ್ಕಲಕೋಟದಾಗ, ಕೆಲಸ ಸೊಲ್ಲಾಪುರದ ಒಂದು ಟವೆಲ್ ಕಾರ್ಖಾನಿಯಾಗ. ಮುಂಜಾನಿ ಎಸ್‌ಟಿ ಬಸ್ ಹಿಡದು ಹೋಗ್ತೀನಿ, ಸಂಜಿಕ ಎಸ್‌ಟಿ ಹಿಡದು ಬರ್ತೀನಿ. ಮೊದ್ಲ ಸಾಲಿಯಾಗ ಇಂಗ್ಲಿಷ್ ಕಲಸ್ತಿದ್ನಿ, ಅದಕ್ಕ ಈಗೂ ಎಲ್ಲಾರೂ ಮಾಸ್ತರ ಅಂತಾರ. ಪರದೇಶದ ಗಿರಾಕಿಗೆ ಪತ್ರ ಬರಿಯೂದು ನನ್ನ ಕೆಲಸ. ನಮ್ಮಲ್ಲೆ ಗಿರಾಕಿ ಬಂದ್ರ ಮರಾಠಿ, ಮನಿಯವರು ಬಂದ್ರ ಕನ್ನಡ, ಸಿಟ್ಟು ಬಂದ್ರ ಎರಡೂ. ಇಂಗ್ಲಿಷ್ ಮಾತ್ರ ನನ್ನ ಒಬ್ಬನ ತಲಿಮ್ಯಾಲ.

ನಮ್ಮ ಎಲ್ಲಾರಕಿಂತ ದೊಡ್ಡ ಗಿರಾಕಿ ಅಮೆರಿಕದ ಒಬ್ಬ ಹೆಣ್ಣಮಗಳು. ಅಲ್ಲೆ ಟವೆಲ್ ಅಂಗಡಿ ಇಟ್ಟಾರ. ನಾವು ಅವರಿಗೆ ಟವೆಲ್ ಅಕ್ಕಾರು ಅಂತೀವಿ. ನಮ್ಮ ಮಗ್ಗದಾಗ ಅರ್ಧ ಅವರ ಆರ್ಡರಿನ ಮ್ಯಾಲ ನಡೀತಾವ. ಅಲ್ಲೆ ದೊಡ್ಡ ಇಲೆಕ್ಷನ್ ಬಂತು. ಆರಿಸಿ ಬಂದವರು ಪರದೇಶದ ಮಾಲಿನ ಮ್ಯಾಲ ಸುಂಕ ಏರಿಸಿದ್ರೂ ಏರಿಸಬಹುದು ಅಂತ ಟಿವಿಯಾಗ ಹೇಳಿದ್ರು. ಸುಂಕ ಏರಿದ್ರ ಅಕ್ಕಾರ ಆರ್ಡರ್ ಹೋಗ್ತೈತಿ, ಆರ್ಡರ್ ಹೋದ್ರ ಅರ್ಧ ಮಗ್ಗ ನಿಂದರ್ತಾವ, ಮಗ್ಗ ನಿಂತ್ರ ನನ್ನ ಇಂಗ್ಲಿಷ್ ತಗೊಂಡು ಏನು ಮಾಡೂದು? ಸಾವುಕಾರ್ರು ಟಿವಿ ಬಂದ್ ಮಾಡಿ ನನ್ನ ಕರದ್ರು.

"ಮಾಸ್ತರ, ಆ ದೇಶದಾಗ ನಮ್ಮ ಗುರ್ತಿನ ಓಟು ಒಂದ ಒಂದು ಐತಿ. ಅದನ್ನ ಹಿಡೀಬೇಕು."

೧. ಮನಿಯಾಗ ಎಷ್ಟು ಓಟು?

ಸಾವುಕಾರ್ರ ಮೂಲ ಊರು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ಅಲ್ಲೆ ಪಂಚಾಯ್ತಿ ಇಲೆಕ್ಷನ್ನಿಗೆ ಅವರ ಕಾಕಾ ಮೂರು ಸಲ ನಿಂತು ಎರಡು ಸಲ ಬಿದ್ದಾರ. ಹಿಂಗಾಗಿ ಪ್ರಚಾರ ಹ್ಯಾಂಗ ಮಾಡಬೇಕು ಅಂತ ಸಾವುಕಾರ್ರಿಗೆ ಯಾರೂ ಹೇಳಿಕೊಡೂದು ಬ್ಯಾಡ.

"ಬರೀರಿ," ಅಂದ್ರು. "ಅಕ್ಕಾರ, ಶರಣು. ನಿಮ್ಮ ಮನಿಯಾಗ ಒಟ್ಟ ಎಷ್ಟು ಓಟು ಅದಾವ? ಅಣ್ಣತಮ್ಮರು ಬ್ಯಾರೆ ಆಗ್ಯಾರೋ, ಕೂಡೇ ಅದಾರೋ? ಬೀಗರ ಓಟು ನಿಮ್ಮ ಮಾತಿನಾಗ ಅದಾವೋ ಇಲ್ಲೋ?"

"ಸಾವುಕಾರ್ರ, ಹಿಂಗ ಕೇಳಿದ್ರ ಅಲ್ಲೆ ಪೊಲೀಸರಿಗೆ ಹೇಳ್ತಾರ."

"ಯಾಕ? ನಮ್ಮೂರಾಗ ಕೇಳಲಿಲ್ಲಂದ್ರ ಸಿಟ್ಟಾಗ್ತಾರ. ನಮ್ಮ ಮನಿ ನಿಮಗ ಕಣ್ಣಿಗೆ ಕಾಣೂದಿಲ್ಲೇನು ಅಂತಾರ."

ನಾ ಜರಾ ಮೆತ್ತಗ ಮಾಡಿ, ಮನಿಯವರೆಲ್ಲಾ ಆರಾಮ ಅದಾರೇನು, ಎಲ್ಲಾರೂ ಓಟು ಹಾಕ್ತೀರೇನು ಅಂತ ಬರದ್ನಿ. ಎರಡು ದಿನಕ್ಕ ಅಕ್ಕಾರ ಉತ್ತರ ಬಂತು. ನಾ ಒಬ್ಬಾಕೀನ ಇರ್ತೀನಿ, ಜೋಡಿಗೆ ಒಂದು ಬೆಕ್ಕು ಐತಿ, ಹನ್ನೆರಡು ವರ್ಷ ಆತು ಓಟು ಹಾಕಿಲ್ಲ, ಒಂದು ಓಟಿನಿಂದ ಏನು ಆಗೂದೈತಿ ಅಂತ.

ಸಾವುಕಾರ್ರು ಒಂದು ಬೆರಳು ಎತ್ತಿ ನೋಡಿಕೊಂಡ್ರು.

"ಒಂದ ಓಟಿನ ಮನಿ," ಅಂದ್ರು. "ನಮ್ಮೂರಾಗ ಇಂಥಾ ಮನಿಗೆ ನಮ್ಮ ಕಾಕಾ ನೀರು ಕುಡ್ಯಾಕೂ ಹೋಗ್ತಿರಲಿಲ್ಲ." ಆಮ್ಯಾಲ ತಾವೇ ಅಂದ್ರು, "ಅದಕ್ಕ ಎರಡು ಸಲ ಬಿದ್ರು. ಬರೀರಿ ನೀವು."

೨. ಹೆಸರು ಬ್ಯಾಡ

ಆ ದಿನ ಬರದ ಪತ್ರ ನನಗ ಇನ್ನೂ ಬಾಯಿಪಾಠ ಐತಿ. ನೀವು ಅಲ್ಲೆ ಓಟು ಹಾಕಿದ್ರ ಇಲ್ಲೆ ಸೊಲ್ಲಾಪುರದಾಗ ನಮ್ಮ ಮಗ್ಗ ನಡೀತಾವ, ಇಲ್ಲಾ ನಿಂದರ್ತಾವ. ನಿಮ್ಮ ದೇಶದಾಗ ಯಾರು ಬಂದ್ರೂ ಅದರ ಬಿಸಿ ನಮ್ಮ ಒಲಿಗೆ ತಾಗ್ತೈತಿ, ಆದ್ರ ನಮಗ ಅಲ್ಲೆ ಓಟಿಲ್ಲ. ಅದಕ್ಕ ಓಟು ಇದ್ದ ನಿಮಗ ಕೈಮುಗದು ಕೇಳ್ತೀವಿ, ಮನಿಯಾಗ ಕೂಡಬ್ಯಾಡ್ರಿ. ಸಾವುಕಾರ್ರು ಇದನ್ನ ಹೇಳೂ ಮುಂದ ಮಗ್ಗದ ಕಡೆ ನೋಡಿಕೋತ ಹೇಳಿದ್ರು.

ಅಕ್ಕಾರಿಗೂ ನಾಟಿತು ಕಾಣ್ತೈತಿ. ಇಷ್ಟೆಲ್ಲಾ ನನಗ ಗೊತ್ತಿರಲಿಲ್ಲ, ಹಾಕ್ತೀನಿ, ಯಾರಿಗೆ ಹಾಕಲಿ ಅಂತ ಕೇಳಿದ್ರು.

ಇಲ್ಲೆ ಬಂತು ಪಂಚೇತಿ. ಸಾವುಕಾರ್ರು ಹುಟ್ಟಿದಾಗಿಂದ ಒಬ್ಬರ ಹೆಸರೂ ಬಾಯಿಬಿಟ್ಟು ಹೇಳಿದವರಲ್ಲ. ಈ ಪಾರ್ಟಿಯವರು ಬಂದ್ರೂ ಚಹಾ, ಆ ಪಾರ್ಟಿಯವರು ಬಂದ್ರೂ ಚಹಾ, ಇಬ್ಬರಿಗೂ "ನಿಮ್ಮನ್ನ ಬಿಟ್ಟು ಯಾರಿಗೆ ಹಾಕೂದ್ರಿ?"

"ಯೋಗ್ಯ ಅನಿಸಿದವರಿಗೆ ಹಾಕ್ರಿ ಅಂತ ಬರೀರಿ. ಹೆಸರು ಬ್ಯಾಡ."

"ಯಾಕ್ರಿ?"

"ನಾವು ಒಬ್ಬರ ಹೆಸರು ಬರಿಯೂದು, ಮತ್ತೊಬ್ಬರು ಗೆಲ್ಲೂದು, ಅವರಿಗೆ ಇದು ಗೊತ್ತಾಗೂದು. ಆಮ್ಯಾಲ?"

"ಆಮ್ಯಾಲ ಏನ್ರಿ? ಅಮೆರಿಕದ ಅಧ್ಯಕ್ಷರು ಬಂದು ನಮ್ಮ ಕಾರ್ಖಾನಿ ನಳ ಕಡಿಸ್ತಾರೇನು?"

ಸಾವುಕಾರ್ರು ಕಿಡಕಿಯಿಂದ ಹೊರಗಿನ ನಳ ಒಮ್ಮಿ ನೋಡಿದ್ರು. "ಹೇಳಾಕ ಬರೂದಿಲ್ಲ ಮಾಸ್ತರ," ಅಂದ್ರು.

೩. ಬೂದಿ

ಸಾವುಕಾರ್ರ ಅವ್ವಗ ಎಂಬತ್ತು ದಾಟ್ಯಾವ. ಕಾರ್ಖಾನಿಯ ಹಿಂದ ಮನಿ, ದಿನಾ ಹನ್ನೊಂದಕ್ಕ ಬಂದು ಆಫೀಸಿನಾಗ ಕುಂದರ್ತಾರ. ಎಲ್ಲಾರೂ ಆಯಿ ಅಂತೀವಿ.

"ಬರೇ ಕಾಗದದ ಮ್ಯಾಲ ಓಟು ನಿಂದ್ರತಾವೇನೋ?" ಅಂತ ಆಯಿ ಮಗನಿಗೆ ಅಂದ್ರು. "ಹ್ಞೂಂ ಅಂದವರು ಮರುದಿನ ಹೊಳ್ಳತಾರ. ವಿಭೂತಿ ಮುಟ್ಟಿಸು."

ಟವೆಲಿನ ಸ್ಯಾಂಪಲ್ ಹೋಗೂದಿತ್ತು. ಅದರ ನಡುವ ಆಯಿ ಒಂದು ಪ್ಲಾಸ್ಟಿಕ್ ಚೀಲದಾಗ ಪಾವಕೆಜಿ ವಿಭೂತಿ ಪುಡಿ ಕಟ್ಟಿ ಇಟ್ರು. ನಮಗ ಯಾರಿಗೂ ಹೇಳಲಿಲ್ಲ. ಎಂಟು ದಿನಕ್ಕ ಅಮೆರಿಕದ ಕಸ್ಟಮ್ಸಿನವರು ಪಾರ್ಸಲ್ ತಡದು ಕಾಗದ ಬರದ್ರು: ಒಳಗಿನ ಬೂದುಬಣ್ಣದ ಪುಡಿ ಏನು, ಯಾತರಿಂದ ಮಾಡೇರಿ, ಯಾತಕ್ಕ ಬಳಸ್ತಾರ, ಲಗೂನ ತಿಳಸ್ರಿ.

ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದವ ನಾ, ಆವತ್ತು ಬೆವತು ಹ್ವಾದ್ನಿ. ಆಕಳ ಸಗಣಿ ಕುಳ್ಳು ಸುಟ್ಟು ಮಾಡಿದ್ದು, ಹಣಿಗೆ ಹಚ್ಚಿಕೊಳ್ಳಾಕ, ಇದನ್ನ ಮುಟ್ಟಿ ಮಾತು ಕೊಟ್ರ ಓಟು ಬದಲಾಗೂದಿಲ್ಲ ಅಂತ ಬರದ್ನಿ. ಸಾವುಕಾರ್ರು ಕೇಳಿ, "ಕಡೀ ಸಾಲು ತಗೀರಿ, ಇಲ್ಲಾಂದ್ರ ನಿಮ್ಮನ್ನೂ ತಡದು ಇಟಗೋತಾರ," ಅಂದ್ರು.

ಅಂತೂ ಪಾರ್ಸಲ್ ಮುಟ್ಟಿತು. ಅಕ್ಕಾರು ಬರದ್ರು: ಟವೆಲ್ ಚಂದ ಅದಾವ. ಜೋಡಿ ಕಳಿಸಿದ ಪುಡಿ ಅಂತೂ ಭಾಳ ಚಲೋ ಐತಿ, ನನ್ನ ಹಳೇ ಬೆಳ್ಳಿ ಚಮಚಾ ಎಲ್ಲಾ ತಿಕ್ಕಿದ್ನಿ, ಫಳಫಳ ಆದ್ವು. ಇನ್ನೂ ಎರಡು ಕಿಲೋ ಸಿಗ್ತೈತೇನು?

ನಾ ಅಂಜಿಕೋತ ಆಯಿಗೆ ಓದಿ ಹೇಳಿದ್ನಿ. ಆಯಿ ಸಿಟ್ಟಾಗಲಿಲ್ಲ.

"ತಿಕ್ಕೂ ಮುಂದ ಕೈಲೆ ಮುಟ್ಯಾಳಲ್ಲ? ಆತು ಬಿಡು. ಓಟು ನಮ್ಮದ."

೪. ಬೆರಳು

ಅಕ್ಕಾರು ಖರೇನ ಓಟು ಹಾಕಿದ್ರು. ಎರಡು ತಾಸು ಪಾಳಿ ಹಚ್ಚಿ ನಿಂತು ಹಾಕಿದ್ರಂತ. ಅಂಗಿ ಮ್ಯಾಲ ಓಟು ಹಾಕೀನಿ ಅನ್ನೂ ಚೀಟಿ ಹಚಗೊಂಡು ಫೋಟೋ ಕಳಿಸಿದ್ರು. ಸಾವುಕಾರ್ರು ಆ ಫೋಟೋ ಮಗ್ಗ ಮಗ್ಗಕ್ಕ ತಗೊಂಡು ಹೋಗಿ ತೋರಿಸಿದ್ರು. ಪತ್ರದ ಕಡೀಗೆ ಅಕ್ಕಾರು ಬರದಿದ್ರು: ಇದ ತಿಂಗಳು ನಿಮ್ಮಲ್ಲೂ ಇಲೆಕ್ಷನ್ ಐತಂತ, ಓಟು ಹಾಕಿದವರ ಬೆರಳಿಗೆ ಶಾಯಿ ಹಚ್ತಾರಂತ. ನೀವು ಎಲ್ಲಾರೂ ಬೆರಳು ಎತ್ತಿ ಫೋಟೋ ತಗದು ಕಳಸ್ರಿ, ಅಂಗಡಿಯಾಗ ನನ್ನ ಫೋಟೋದ ಬಾಜೂಕ ಹಚ್ತೀನಿ.

"ಆತ್ರೀ ಅಂತ ಬರೀರಿ, ಅದೇನು ದೊಡ್ಡ ಮಾತು," ಅಂದ್ರು ಸಾವುಕಾರ್ರು.

ನಮ್ಮ ಓಟಿನ ದಿನ ಕಾರ್ಖಾನಿಗೆ ಸೂಟಿ. ಅವತ್ತ ಇಂಡಿ ಕಡೆ ಸಾವುಕಾರ್ರ ಬೀಗರ ಮನಿಯಾಗ ಲಗ್ನ. ಸೂಟಿ ಐತಿ, ಗಾಡಿ ಅದಾವ, ಎಲ್ಲಾರೂ ನಡೀರಿ ಅಂದ್ರು. ಹೋದ್ವಿ. ಹೋಳಿಗಿ ಉಂಡ್ವಿ. ನಾನೂ ಹೋಗಿದ್ನಿ, ಸುಳ್ಳು ಯಾಕ ಹೇಳಲಿ. ಬರೂದರಾಗ ಓಟಿನ ಹೊತ್ತು ಮುಗದಿತ್ತು.

ಮರುದಿನ ಅಕ್ಕಾರದು ಮೆಸೇಜ್: ಬೆರಳು ಎಲ್ಲಿ?

ಹನ್ನೊಂದು ಮಂದಿ ಆಫೀಸಿನಾಗ ಕೂಡಿ ಒಬ್ಬರ ಬೆರಳು ಒಬ್ಬರು ನೋಡಿಕೊಂಡ್ವಿ. ಎಲ್ಲಾ ಕೋರಾ, ಒಂದರ ಮ್ಯಾಲೂ ಶಾಯಿ ಇಲ್ಲ. ಆಗ ನಮ್ಮ ಬಣ್ಣದ ಮೇಸ್ತ್ರಿ ಗಂಟಲು ಸರಿಮಾಡಿಕೊಂಡ.

"ಸಾವುಕಾರ್ರ, ನಂಬರ್ ಬ್ಯಾಳೀಸ್ ಐತಲ್ಲ, ಕಡುನೀಲಿ, ಅದು ಥೇಟ್ ಓಟಿನ ಶಾಯಿಯಂಗ ಕಾಣ್ತೈತಿ."

ಟವೆಲಿಗೆ ಹಾಕೂ ನಲವತ್ತೆರಡನೇ ನಂಬರಿನ ಬಣ್ಣ ಒಂದು ವಾಟಗಾದಾಗ ತಂದ. ಸಾವುಕಾರ್ರು ಮೊದ್ಲ ಅದ್ದಿದ್ರು, ಹಿಂದ ನಾವು ಹತ್ತು ಮಂದಿ. ಅಷ್ಟರಾಗ ಆಯಿ ಬಂದು ತಮ್ಮ ಬೆರಳು ತೋರಿಸಿದ್ರು. ಅದರ ಮ್ಯಾಲ ಖರೇ ಶಾಯಿ. ಆ ಬೀಗರ ಸಾರಿನಾಗ ಉಪ್ಪ ಇರೂದಿಲ್ಲ ಅಂತ ಆಯಿ ಲಗ್ನಕ್ಕ ಬಂದಿರಲಿಲ್ಲ. ತಾವೊಬ್ಬರೇ ರಿಕ್ಷಾ ಮಾಡಿಕೊಂಡು ಹೋಗಿ ಓಟು ಹಾಕಿ ಬಂದಿದ್ರು. ಅವರನ್ನ ನಡುವ ಕುಂದ್ರಿಸಿ ಫೋಟೋ ತಗದು ಕಳಿಸಿದ್ವಿ. ನಮ್ಮ ಬಣ್ಣ ಹೋಗೂದಿಲ್ಲ ಅಂತ ನಾನ ಎಷ್ಟೋ ಗಿರಾಕಿಗೆ ಬರದು ಕೊಟ್ಟೀನಿ. ಅದು ಖರೇ ಐತಿ ಅಂತ ಗೊತ್ತಾತು, ಇಪ್ಪತ್ತು ದಿನ ನೀಲಿ ಬೆರಳಿಲೆ ರೊಟ್ಟಿ ತಿಂದ್ನಿ.

ಅಕ್ಕಾರು ಓಟು ಹಾಕಿದವರು ಗೆದ್ರೋ ಸೋತ್ರೋ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೆಲವು ತಿಂಗಳಿಗೆ ಸುಂಕ ಮಾತ್ರ ಬಂತು. ಅಕ್ಕಾರ ಕಡಿಂದ ಒಂದು ಅಕ್ಷರ ಇಲ್ಲ. ಅರ್ಧ ಮಗ್ಗ ನಿಂತ್ವು. ಮಗ್ಗದ ಸಪ್ಪಳ ಇಲ್ಲದ ಕಾರ್ಖಾನಿಯಾಗ ಗ್ವಾಡಿ ಗಡಿಯಾರ ಕೇಳ್ತಿತ್ತು. ಸಾವುಕಾರ್ರು ದಿನಾ ಮುಂಜಾನಿ ನನ್ನ ಮಾರಿ ನೋಡೂದು, ನಾ ಇಲ್ಲ ಅಂತ ತಲಿ ಅಲ್ಲಾಡಿಸೂದು.

ಮೂರನೇ ವಾರದಾಗ ಉತ್ತರ ಬಂತು. ನಾ ನಿಂತ ಓದಿದ್ನಿ, ಎಲ್ಲಾರೂ ಸುತ್ತ ಕೂಡಿದ್ರು.

"ನಿಮ್ಮ ಫೋಟೋ ಅಂಗಡಿಯಾಗ ಹಚ್ಚೀನಿ, ದಿನಾ ನೋಡ್ತೀನಿ. ಹದಿನೈದು ವರ್ಷದಿಂದ ನಾ ನಿಮ್ಮ ಟವೆಲ್ ನೋಡಾಕತ್ತೀನಿ. ನಡುವ ಕುಂತ ಅಜ್ಜಿ ಬೆರಳಿನ ಮ್ಯಾಲ ಇರೂದು ಶಾಯಿ. ಉಳಿದ ಹನ್ನೊಂದು ಬೆರಳಿನ ಮ್ಯಾಲ ಇರೂದು ನಿಮ್ಮ ನಲವತ್ತೆರಡನೇ ನಂಬರ್. ಹೋದ ವರ್ಷ ಆ ಬಣ್ಣ ನನಗ ಬ್ಯಾಡ ಅಂತ ನಾನ ತಿರುಗಿ ಕಳಿಸೀನಿ."

ಮೇಸ್ತ್ರಿ ಬೆರಳು ಅಂಗಿ ಕಿಸೆದಾಗ ಇಟಗೊಂಡ.

"ಮುಂದ ಓದ್ರಿ," ಅಂದ್ರು ಸಾವುಕಾರ್ರು.

"ಆರ್ಡರ್ ನಡಸ್ರಿ. ಸುಂಕದಾಗ ಅರ್ಧ ನಾ ಹೊರ್ತೀನಿ, ಅಜ್ಜಿ ಸಲುವಾಗಿ. ಉಳಿದ ಅರ್ಧ ನೀವು ಹೊರಬೇಕು, ಆ ಹನ್ನೊಂದು ಬೆರಳಿನ ಸಲುವಾಗಿ."

ಆಯಿ ಕುರ್ಚಿಯಿಂದ ಎದ್ರು. "ಉಪ್ಪಿಲ್ಲದ ಸಾರು ಉಣ್ಣಾಕ ಹೋಗಿದ್ರಲ್ಲ, ಈಗ ಉಪ್ಪು ಹತ್ತಿತು," ಅಂತ ಮಗನಿಗೆ ಅಂದು ಮನಿಗೆ ನಡದ್ರು. ಮಧ್ಯಾಹ್ನಕ್ಕ ಎಲ್ಲಾ ಮಗ್ಗ ಚಾಲೂ ಆದ್ವು.

ಮುಂದ ಸೊಲ್ಲಾಪುರದ ಮಹಾನಗರಪಾಲಿಕಿ ಇಲೆಕ್ಷನ್ ಬಂತು. ನನ್ನ ಓಟು ಅಕ್ಕಲಕೋಟದಾಗ ಆದ್ರೂ ಫೋಟೋ ತಗಿಯಾಕ ಬರ್ರಿ ಅಂತ ಕರದಿದ್ರು, ಹೋಗಿದ್ನಿ. ಓಟಿನ ಬೂತಿನ ಬಾಗಿಲಾ ತಗಿಯೂಕಿಂತ ಅರ್ಧ ತಾಸು ಮೊದ್ಲ ನಮ್ಮ ಕಾರ್ಖಾನಿ ಮಂದಿ ಪಾಳಿ ಹಚ್ಚಿದ್ರು, ಎಲ್ಲಾರ ಮುಂದ ಸಾವುಕಾರ್ರು. ಅವರ ಹಿಂದ ನಿಂತಿದ್ದವರು ಹೊರಗ ಬಂದು ಹೇಳಿದ್ದು ಇಷ್ಟು. ಒಳಗ ಸಾಹೇಬ್ರು ಶಾಯಿ ಕಡ್ಡಿ ತಗೊಂಡು ಬೆರಳಿಗೆ ಒಂದು ಸಣ್ಣ ಗೆರಿ ಎಳದ್ರಂತ. ಸಾವುಕಾರ್ರು ಕೈ ಹಿಂದಕ್ಕ ತಗೀಲಿಲ್ಲಂತ.

"ಸಾಹೇಬ್ರ, ಇನ್ನೊಂದೀಟು ದಪ್ಪ ಹಚ್ರಿ. ಅಮೆರಿಕದಿಂದ ನೋಡ್ತಾರ."