ಕೊಂಬಿಲ್ಲದ ವೈಕಿಂಗರು

ಚರಿತ್ರೆ ಕಲಿತವನಿಗೆ ಕಥೆ ಸವಿಯುವ ಭಾಗ್ಯವಿಲ್ಲ. ಸಿನಿಮಾದಲ್ಲಿ ಎಲ್ಲರೂ ರಾಜಕುಮಾರಿಯ ಕಣ್ಣೀರು ನೋಡುತ್ತಿದ್ದರೆ ನಾವು ಅವಳ ಹಿಂದಿನ ಅರಮನೆ ಗೋಡೆಯ ಸಿಮೆಂಟು ನೋಡುತ್ತಿರುತ್ತೇವೆ. ಸುಮ್ಮನೆ ನೋಡಿದರೆ ಪರವಾಗಿಲ್ಲ, ಪಕ್ಕದವರಿಗೆ ಹೇಳಿಯೂ ಹೇಳುತ್ತೇವೆ. ತೊಂಬತ್ತರ ದಶಕದ ಕೊನೆಗೆ ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಇಂಗ್ಲೆಂಡಿನ ಚರಿತ್ರೆ ಕಲಿಸುತ್ತಿದ್ದಾಗ, ನಾನು ಬಾಯಿ ತೆರೆದರೂ ಕುರ್ಚಿ ಬದಲಿಸದ ಸಹೋದ್ಯೋಗಿ ಒಬ್ಬರೇ ಇದ್ದರು. ಅವರು ಇಂಗ್ಲಿಷ್ ಕಲಿಸುತ್ತಿದ್ದ ಇಬ್ರಾಹಿಂ.

ಇಬ್ರಾಹಿಂ ಬಂಟ್ವಾಳ ಪೇಟೆಯವರು. ಅವರ ಅಣ್ಣ ದುಬೈಯಿಂದ ಬರುವಾಗ ಎಲ್ಲರಿಗೂ ಸೆಂಟು, ತಮ್ಮನಿಗೆ ಮಾತ್ರ ಹಳೆಯ ಇಂಗ್ಲಿಷ್ ಕಾದಂಬರಿಗಳ ಕಟ್ಟು ತರುತ್ತಿದ್ದರು. ಅದರಲ್ಲಿ ಅರ್ಧಕ್ಕರ್ಧ ಯುರೋಪಿನ ಉತ್ತರದ ಕಡಲುಗಳ್ಳರಾದ ವೈಕಿಂಗರ ಕಥೆಗಳು. ಮುಖಪುಟದಲ್ಲಿ ಕೆಂಪು ಗಡ್ಡದ ದೈತ್ಯನೊಬ್ಬ, ಅವನ ತಲೆಯ ಮೇಲೆ ನಮ್ಮ ಕಂಬಳದ ಕೋಣಗಳೂ ನಾಚುವಂಥ ಎರಡು ಕೊಂಬು. ಆ ವರ್ಷ ಬೆಳ್ತಂಗಡಿಯ ಅಂತರಕಾಲೇಜು ನಾಟಕ ಸ್ಪರ್ಧೆಗೆ ಇಬ್ರಾಹಿಂ ತಾವೇ ಒಂದು ಏಕಾಂಕ ಬರೆದರು. ವಸ್ತು ವೈಕಿಂಗರು ಇಂಗ್ಲೆಂಡಿನ ದಡಕ್ಕೆ ಮೊದಲು ಬಂದಿಳಿದದ್ದು. ಘಟನೆ ನಿಜವಾದದ್ದೇ. ಸಾವಿರದ ಇನ್ನೂರು ವರ್ಷಗಳ ಹಿಂದೆ ಮೂರು ಹಡಗುಗಳು ಬಂದವು. ರಾಜನ ಅಧಿಕಾರಿಯೊಬ್ಬ, ಇವರು ವ್ಯಾಪಾರಿಗಳಿರಬೇಕೆಂದು ನಂಬಿ, ಕುದುರೆ ಏರಿ ಓಡಿ ಬಂದು, ರಾಜನ ಊರಿಗೆ ಬಂದು ಹಾಜರಾಗಿ ಎಂದು ಗದರಿಸಿದ. ಅವರು ಅವನನ್ನು ಅಲ್ಲೇ ಕೊಂದು ಹಾಕಿದರು. ಆಗಿನ ಇಂಗ್ಲಿಷರಾದ ಆಂಗ್ಲೋ-ಸ್ಯಾಕ್ಸನ್ನರಿಗೂ ವೈಕಿಂಗರಿಗೂ ಪರಿಚಯವಾದದ್ದು ಹೀಗೆ.

"ಪಾಪ, ಅವನದ್ದೆಂತ ತಪ್ಪು ಸರ್?" ಎಂದು ಇಬ್ರಾಹಿಂ ಮರುಗಿದರು. "ನಮ್ಮ ಪೇಟೆಗೂ ಹಿಂದೆ ಹೊಳೆಯಲ್ಲಿ ಸಾಮಾನಿನ ದೋಣಿ ಬರ್ತಿತ್ತಂತೆ. ದೋಣಿ ಕಂಡ ಕೂಡಲೇ ಯಾರಾದರೂ ಕಳ್ಳರು ಬಂದರು ಅಂತ ಹೇಳ್ತಾರಾ?"

ಕಥೆಯ ಬಗ್ಗೆ ನನ್ನ ತಕರಾರಿರಲಿಲ್ಲ. ತಕರಾರು ರಟ್ಟಿನಲ್ಲಿ ತಯಾರಾಗುತ್ತಿದ್ದ ಕೊಂಬುಗಳದ್ದು. "ಆ ಕಾಲದ ಗೋರಿಗಳನ್ನು ಎಷ್ಟು ಅಗೆದರೂ ಕೊಂಬಿನ ಟೋಪಿ ಒಂದೂ ಸಿಕ್ಕಿಲ್ಲ ಇಬ್ರಾಹಿಂ. ಸಿಕ್ಕಿದ್ದು ಬಾಚಣಿಗೆ. ಚಂದದ, ಜಿಂಕೆಕೊಂಬಿನ ಬಾಚಣಿಗೆ" ಎಂದೆ.

"ನಾಟಕ ನೋಡ್ಲಿಕ್ಕೆ ಬರುವವರು ಗೋರಿ ಅಗೆದವರಲ್ಲ ಮಾರಾಯ್ರೆ. ಕೊಂಬು ಇಲ್ಲದಿದ್ದರೆ ಅವರು ವೈಕಿಂಗರು ಅಂತ ಗೊತ್ತಾಗುವುದು ಹೇಗೆ?"

"ಅವರು ಶನಿವಾರ ಶನಿವಾರ ಸ್ನಾನ ಮಾಡ್ತಿದ್ದರಂತೆ. ತಲೆ ಬಾಚಿಕೊಂಡು ಶುಭ್ರವಾಗಿ ಇರ್ತಿದ್ದರು ಅಂತ ಇಂಗ್ಲಿಷರೇ ಹೊಟ್ಟೆಕಿಚ್ಚು ಪಟ್ಟು ಬರೆದಿದ್ದಾರೆ."

ಇದನ್ನು ಕೇಳಿ ನಕ್ಕವಳು ವೈಕಿಂಗರ ನಾಯಕ. ಅಂದರೆ ನೆರಿಯ ಎಂಬ ಊರಿನ ಹರಿಣಾಕ್ಷಿ. ಕಾಲೇಜಿನ ಕಬಡ್ಡಿ ತಂಡದ ನಾಯಕಿ, ನನಗಿಂತ ಒಂದು ಗೇಣು ಎತ್ತರ. ಗಂಡುಮಕ್ಕಳು ಮೊಣಕಾಲಿನವರೆಗಿನ ಅಂಗಿ ಹಾಕಲು ನಾಚಿದಾಗ, "ನಾನು ಮಾಡ್ತೇನೆ, ಕೊಡಲಿ ಕೊಡಿ" ಎಂದು ಪಾತ್ರ ಕಸಿದುಕೊಂಡಿದ್ದಳು. "ಬಾಚಣಿಗೆಯೇ ಇರಲಿ ಸರ್. ಕೊಲ್ಲುವ ಮೊದಲು ನಾನು ಗಡ್ಡ ಬಾಚಿಕೊಳ್ತೇನೆ" ಎಂದಳು. ನಾಯಕನ ಮಾತು ಮೀರುವುದು ಯಾರಿಗೆ ಸಾಧ್ಯ? ಕೊಂಬುಗಳು ಸ್ಟಾಫ್ ರೂಮಿನ ಕಪಾಟಿನ ಮೇಲೆ ಹೋಗಿ ಕೂತವು. ಇಬ್ರಾಹಿಂ ಎರಡು ದಿನ ನನ್ನೊಡನೆ ಚಹಾ ಕುಡಿಯಲಿಲ್ಲ.

ಸ್ಪರ್ಧೆಯ ಬೆಳಿಗ್ಗೆ ರಾಜನ ಅಧಿಕಾರಿಯ ಪಾತ್ರದ ಹುಡುಗನಿಗೆ ಮಂಗನಬಾವು ಬಂದು ಕೆನ್ನೆ ಬನ್ನಿನ ಹಾಗೆ ಊದಿತ್ತು. ಒಬ್ಬ ಅಧ್ಯಾಪಕರು ಪಾತ್ರ ವಹಿಸಬಹುದೆಂಬ ನಿಯಮ ಪುಣ್ಯಕ್ಕೆ ಇತ್ತು. ಮಾತೆಲ್ಲ ಬಾಯಿಪಾಠ ಇದ್ದವನು, ರಿಹರ್ಸಲಿನಲ್ಲಿ ಪ್ರತಿಯೊಂದನ್ನೂ ತಿದ್ದಿದ್ದ ನಾನೇ. "ನೀವೇ ಹೋಗಿ ಸರ್, ಹೇಗೂ ಸಾಯುವ ಪಾತ್ರ" ಎಂದರು ಇಬ್ರಾಹಿಂ. ಅವರ ಮುಖದಲ್ಲಿ ಬಹಳ ದಿನಗಳ ಮೇಲೆ ಸಂತೋಷ ಕಂಡಿತು.

ಪರದೆ ಸರಿಯಿತು. ತೆಂಗಿನ ನಾರಿನ ಗಡ್ಡ ಬಾಚುತ್ತಾ ಹರಿಣಾಕ್ಷಿ ನಿಂತಿದ್ದಳು. ಸಭೆಯಿಂದ ಒಬ್ಬ "ಕೊಂಬು ಓಲುಂಡು?" ಎಂದು ಕೂಗಿದ. ಕೊಂಬು ಎಲ್ಲಿ ಎಂದು ನಾಲ್ಕು ದಿಕ್ಕಿನಿಂದಲೂ ಪ್ರಶ್ನೆ ಎದ್ದಿತು. ನಾನು ಪ್ರವೇಶಿಸಿ, "ಯಾರು ನೀವು? ರಾಜನ ಊರಿಗೆ ಬಂದು ಹಾಜರಾಗಿ!" ಎಂದು ಗದರಬೇಕಿತ್ತು. ಗದರಿದೆ. ಮತ್ತೆ "ಕೊಂಬು!" ಎಂದರು. ನನ್ನೊಳಗಿನ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಸಭೆಯ ಕಡೆ ತಿರುಗಿ, "ನೋಡಿ, ಕೊಂಬಿನ ಟೋಪಿ ಕಾದಂಬರಿಕಾರರ ಕಲ್ಪನೆ. ಉತ್ಖನನದಲ್ಲಿ ದೊರೆತಿರುವ ಆಧಾರಗಳ ಪ್ರಕಾರ..." ಎಂದು ಶುರುಮಾಡಿದೆ. ಇಂಗ್ಲಿಷಿನ ನೈಫ್, ಎಗ್, ಹಸ್ಬೆಂಡ್ ಎಂಬ ಮಾತುಗಳೆಲ್ಲ ವೈಕಿಂಗರಿಂದ ಬಂದವು ಎನ್ನುವಲ್ಲಿಗೆ ತಲುಪಿದಾಗ ಸಭೆ ಕೆಮ್ಮತೊಡಗಿತು. ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ ಇಬ್ರಾಹಿಂ ತಲೆಯ ಮೇಲೆ ಕೈಹೊತ್ತು ಕೂತರು. ಮಕ್ಕಳ ತಿಂಗಳ ಶ್ರಮ ನನ್ನ ನಾಲಗೆಯ ತುದಿಯಲ್ಲಿ ಜಾರುತ್ತಿದೆ ಎಂದು ನನಗೂ ಗೊತ್ತಾಯಿತು. ಆದರೆ ಶುರುವಾದ ಪಾಠ ನಡುವೆ ನಿಲ್ಲಿಸಿ ನನಗೆ ಅಭ್ಯಾಸವಿಲ್ಲ.

ಹರಿಣಾಕ್ಷಿ ಬಾಚಣಿಗೆಯನ್ನು ನಿಧಾನವಾಗಿ ಸೊಂಟಕ್ಕೆ ಸಿಕ್ಕಿಸಿದಳು. ಸಭೆಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. "ಯಾವು ಸರ್" ಎಂದಳು. ತುಳುವಿನಲ್ಲಿ ಅದರ ಅರ್ಥ ಸಾಕು ಎಂದು. ಮರುಕ್ಷಣ ರಟ್ಟಿನ ಕೊಡಲಿ ನನ್ನ ಕುತ್ತಿಗೆಗೆ ಬಿತ್ತು.

ಅಂಥ ಚಪ್ಪಾಳೆ ನಾನು ನನ್ನ ಜನ್ಮದಲ್ಲಿ ಕೇಳಿಲ್ಲ. ಜನ ಕುರ್ಚಿಯಿಂದ ಎದ್ದರು, ಶಿಳ್ಳೆ ಹಾಕಿದರು. ಸತ್ತು ಬಿದ್ದವನ ಕಣ್ಣಲ್ಲೂ ನೀರು ಬಂತು. ಎಲ್ಲ ತಿಳಿದಿದ್ದೂ ಎದುರಿಗಿರುವ ಕೊಡಲಿಯೊಂದನ್ನು ಕಾಣದ ಅಧಿಕಾರಿಯ ಚಿತ್ರಣ ಅದ್ಭುತ ಎಂದು ತೀರ್ಪುಗಾರರು ನಾಟಕ ಬರೆದ ಇಬ್ರಾಹಿಮರನ್ನು ಹೊಗಳಿದರು. ಅವರು ವಿನಯದಿಂದ ತಲೆಬಾಗಿದರು. ನಮಗೆ ಎರಡನೆಯ ಬಹುಮಾನ ಬಂತು. ಹರಿಣಾಕ್ಷಿಗೆ ಕೊಟ್ಟ ಪ್ರಮಾಣಪತ್ರದಲ್ಲಿ 'ಶ್ರೇಷ್ಠ ನಟ' ಎಂದಿತ್ತು. ತಿದ್ದಿಕೊಡುತ್ತೇವೆ ಎಂದವರಿಗೆ ಅವಳು, "ಬೇಡ, ಸರಿಯಾಗಿಯೇ ಉಂಟು" ಎಂದಳು. ಆ ಹುಡುಗಿ ಗಡ್ಡವನ್ನೂ ಕಳಚದೆ ವೇದಿಕೆಯಿಂದ ಇಳಿದು ಬಂದದ್ದನ್ನು ನೆನೆದರೆ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ.

ಮನೆಗೆ ಬಂದವನೇ ಕುತ್ತಿಗೆಯ ಕೆಂಪು ಗೆರೆಯನ್ನು ಹೆಂಡತಿಗೆ ತೋರಿಸಿ, "ನಾನು ಸತ್ತಾಗ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು ಶಶಿ" ಎಂದೆ.

ಅವಳು ಗೆರೆಗೆ ತೆಂಗಿನೆಣ್ಣೆ ಹಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, "ಚಪ್ಪಾಳೆ ನೀವು ಸತ್ತದ್ದಕ್ಕಾ, ಮಾತು ನಿಲ್ಲಿಸಿದ್ದಕ್ಕಾ?" ಎಂದು ಕೇಳಿದಳು.

ಎರಡಕ್ಕೂ ಎಂದು ಹೆಮ್ಮೆಯಿಂದಲೇ ಹೇಳಿದೆ.